ತಪ್ಪು ಪೂರ್ತಿ ನಮ್ಮದೇ

ತಂಪಣ್ಣನಿಗೆ ಹೋಟೆಲಿನಲ್ಲಿ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಅವನ ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತದೆ, “ಬೈಸ್ಕೊಳ್ಳೋದು” ಎನ್ನುತ್ತಿದ್ದಳು.

ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಪರವೂರಿನಿಂದ ಬಂದವರು ತಂಗುವ ದೊಡ್ಡ ಹೋಟೆಲು ಅದು. ಅಲ್ಲಿ ಬಾಗಿಲು ತೆರೆಯುವುದಕ್ಕೆ ಒಬ್ಬ, ಪೆಟ್ಟಿಗೆ ಹೊರುವುದಕ್ಕೆ ಒಬ್ಬ, ಹಾಸಿಗೆ ಹಾಸುವುದಕ್ಕೆ ಒಬ್ಬಳು ಇದ್ದ ಹಾಗೆ, ಅತಿಥಿಗಳಿಗೆ ಸಿಟ್ಟು ಬಂದರೆ ಅದರ ಎದುರು ನಿಲ್ಲುವುದಕ್ಕೂ ಒಬ್ಬ ಬೇಕಾಗಿದ್ದ. ಮುಂಭಾಗದ ಕೌಂಟರಿನ ಹಿಂದೆ ಟೈ ಕಟ್ಟಿಕೊಂಡು ನಿಲ್ಲುತ್ತಿದ್ದ ನಮ್ಮ ಕಥಾನಾಯಕನೇ ಆ ಒಬ್ಬ. ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಆದರೆ ಕೆಂಡದ ಹಾಗೆ ಬಂದವರನ್ನು ತಣ್ಣಗೆ ಮಾಡಿ ಕಳಿಸುತ್ತಾನೆಂದು ಜೊತೆಯವರು ತಂಪಣ್ಣ ಎಂದು ಕರೆದರು. ಆ ಹೆಸರು ಅವನ ಹಿಂದೆಯೇ ಮನೆಗೂ ಬಂತು.

ಅವನ ವಿದ್ಯೆ ನೋಡುವುದಕ್ಕೆ ಸರಳವಾಗಿತ್ತು. ಅತಿಥಿಯ ದನಿ ಏರಿದ ಕೂಡಲೇ ತಲೆ ಒಂದಿಷ್ಟು ಬಲಕ್ಕೆ ವಾಲುತ್ತಿತ್ತು, ಅಂಗೈ ಎದೆಯ ಮೇಲೆ ಬಂದು ಕೂರುತ್ತಿತ್ತು. “ಹೀಗಾಗಬಾರದಿತ್ತು ಸಾರ್. ತಪ್ಪು ಪೂರ್ತಿ ನಮ್ಮದೇ. ಮುಂದೆ ಹೀಗಾಗದ ಹಾಗೆ ನೋಡ್ಕೊಳ್ತೀವಿ.” ಕಾರಣ ಕೇಳಬಾರದು, ವಿವರಣೆ ಕೊಡಬಾರದು, ‘ಇಲ್ಲ’ ಎಂಬ ಪದವನ್ನಂತೂ ನಾಲಿಗೆಯ ಹತ್ತಿರ ಸೇರಿಸಬಾರದು. ಇದು ಹೋಟೆಲಿನ ಕಟ್ಟಪ್ಪಣೆ. ಒಬ್ಬ ಅತಿಥಿ, “ನಿಮ್ಮ ಕೋಣೆಯೊಳಗೆ ಸೂರ್ಯ ಬಹಳ ಬೇಗ ಹುಟ್ತಾನ್ರೀ” ಎಂದು ರೇಗಿದಾಗ ತಂಪಣ್ಣ ಸೂರ್ಯನ ಪರವಾಗಿಯೂ ಕ್ಷಮೆ ಕೇಳಿದ್ದ. ಇನ್ನೊಬ್ಬರು ಸಮುದ್ರದ ಉಪ್ಪಿನ ಬಗ್ಗೆ ದೂರು ತಂದಿದ್ದರು. ಅದೂ ನಮ್ಮದೇ ತಪ್ಪಾಯಿತು. ಆ ಅತಿಥಿ ಸಮಾಧಾನವಾಗಿ ಹೋಗಿ ಮತ್ತೊಮ್ಮೆ ಈಜಿ ಬಂದರು.

ಆ ವರ್ಷ ಹೋಟೆಲಿನವರು ಅವನನ್ನು ಎಲ್ಲರೆದುರು ನಿಲ್ಲಿಸಿ ಶಾಲು ಹೊದಿಸಿದರು. ಮ್ಯಾನೇಜರು ಭಾಷಣದಲ್ಲಿ, “ಇವರಿಗೆ ಸಿಟ್ಟು ಅನ್ನೋದೇ ಗೊತ್ತಿಲ್ಲ” ಎಂದರು. ತಂಪಣ್ಣನಿಗೆ ಹೆಮ್ಮೆಯಾಯಿತು. ಮನುಷ್ಯನಿಗೆ ಸ್ವಲ್ಪ ಹೆಮ್ಮೆ ಇದ್ದರೆ ಕೆಟ್ಟದ್ದಲ್ಲ. ಆದರೆ ರಾತ್ರಿಪಾಳಿ ಮುಗಿಸಿದ ಕೂಡಲೇ ಸನ್ಮಾನ, ಸನ್ಮಾನ ಮುಗಿದ ಕೂಡಲೇ ಇನ್ನೊಬ್ಬನ ಬದಲಿಗೆ ಹಗಲುಪಾಳಿ, ಅದರ ಬೆನ್ನಿಗೆ ಮತ್ತೆ ತನ್ನದೇ ರಾತ್ರಿಪಾಳಿ ಬಂದದ್ದರಿಂದ, ಬೆಳಿಗ್ಗೆ ಮನೆ ದಾರಿ ಹಿಡಿದಾಗ ಆ ಹೆಮ್ಮೆ ಎಚ್ಚರವಾಗಿತ್ತೇ ಹೊರತು ಅವನಲ್ಲ.

ಅವನಿದ್ದದ್ದು ಮೂರಂತಸ್ತಿನ ಕಟ್ಟಡದ ನಡುವಿನ ಅಂತಸ್ತಿನಲ್ಲಿ, ಎರಡು ಕೋಣೆಯ ಬಾಡಿಗೆ ಮನೆ. ಕೆಳಗೆ ಮನೆಯ ಮಾಲೀಕರು, ಮೇಲೆ ಒಬ್ಬ ಅಜ್ಜಿ. ಮಾಲೀಕರಿಗೆ ಪ್ರೀತಿಯ ವಸ್ತುಗಳು ಎರಡು. ಒಂದು, ಅಂಗಳದಲ್ಲಿ ಸದಾ ಹೊದಿಕೆ ಹೊದ್ದು ನಿಂತಿರುತ್ತಿದ್ದ ಅವರ ಕಾರು. ಸವೆಯುತ್ತದೆಂದು ಅದನ್ನು ಅವರು ಹೊರಗೆ ತೆಗೆಯುತ್ತಿರಲಿಲ್ಲ, ನಡೆದೇ ಹೋಗುತ್ತಿದ್ದರು. ಇನ್ನೊಂದು, ಹೊಸದಾಗಿ ಹಾಕಿಸಿದ ಕಬ್ಬಿಣದ ಗೇಟು. ಅದಕ್ಕೆ ತಾವೇ ನಿಂತು ಹಸಿರು ಬಣ್ಣ ಬಳಿದಿದ್ದರು. ಗೇಟನ್ನು ಜೋರಾಗಿ ಹಾಕಿದವರ ಜೊತೆ ಮಾತು ಬಿಡುತ್ತಿದ್ದರು.

ಆ ಬೆಳಿಗ್ಗೆ ತಂಪಣ್ಣ ಬಂದು ನೋಡಿದರೆ ಗೇಟು ಕೀಲು ಕಿತ್ತುಕೊಂಡು ರಸ್ತೆಗೆ ಅಡ್ಡಡ್ಡ ಮಲಗಿತ್ತು. ನೋಡಿದರೆ ಎಂದೆ, ನಿಜ ಹೇಳಬೇಕೆಂದರೆ ಅವನು ನೋಡಲಿಲ್ಲ. ದಾಟಿಕೊಂಡು ಒಳಗೆ ಬಂದ, ಅಷ್ಟೇ. ವಾಕಿಂಗ್ ಮುಗಿಸಿ ಬಂದ ಮಾಲೀಕರು ಅಂಗಳದ ಮಧ್ಯೆ ನಿಂತು, ಸಾಕ್ಷಾತ್ ತಮ್ಮ ಕರುಳೇ ಕಿತ್ತುಬಿದ್ದ ಹಾಗೆ ಕೂಗುತ್ತಿದ್ದರು.

“ಯಾವನ್ರೀ ಅವ್ನು? ಕಣ್ಣಿಲ್ವಾ? ಮನುಷ್ಯತ್ವ ಇಲ್ವಾ? ಇದಕ್ಕೆ ಜವಾಬ್ದಾರಿ ಯಾರು?”

ತಂಪಣ್ಣನ ಕಿವಿಗೆ ಬಿದ್ದದ್ದು ಅರ್ಥವಲ್ಲ, ಸ್ವರ. ಅವನ ತಲೆ ಬಲಕ್ಕೆ ವಾಲಿತು. ಅಂಗೈ ಎದೆಗೆ ಬಂತು.

“ಹೀಗಾಗಬಾರದಿತ್ತು ಸಾರ್. ತಪ್ಪು ಪೂರ್ತಿ ನಮ್ಮದೇ.”

ಮಾಲೀಕರ ಬಾಯಿ ತೆರೆದೇ ಇತ್ತು. ಅವರ ಹಿಂದೆ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿಯ ಬಾಯಿ ಅದಕ್ಕಿಂತ ದೊಡ್ಡದಾಗಿ ತೆರೆದುಕೊಂಡಿತು.

“ನಿಮ್ಮದಾ?” ಎಂದರು ಮಾಲೀಕರು.

“ಪೂರ್ತಿ ನಮ್ಮದೇ ಸಾರ್. ಮುಂದೆ ಹೀಗಾಗದ ಹಾಗೆ ನೋಡ್ಕೊಳ್ತೀವಿ.”

“ಮುಂದೆ ಬೇರೆ ಗುದ್ದೋ ಯೋಚನೆ ಇತ್ತೇನ್ರೀ?”

“ತಮ್ಮ ಸಲಹೆ ನಮಗೆ ಅಮೂಲ್ಯ ಸಾರ್. ದಿನ ಶುಭವಾಗಿರಲಿ” ಎಂದು ಹೇಳಿ, ಸಣ್ಣಗೆ ಬಾಗಿ, ತಂಪಣ್ಣ ಮೆಟ್ಟಿಲು ಹತ್ತಿ ಹೋಗಿ ಬೂಟಿನ ಸಮೇತ ಮಲಗಿಬಿಟ್ಟ.

ಎಬ್ಬಿಸಿದ್ದು ಹೆಂಡತಿ. ಎಬ್ಬಿಸುವ ರೀತಿಯಲ್ಲಿಯೇ ಸಂಗತಿ ಗಂಭೀರವೆಂದು ತಿಳಿಯುತ್ತಿತ್ತು. ದಿಂಬನ್ನು ಕಿತ್ತುಕೊಂಡಿದ್ದಳು.

“ರೀ, ಗೇಟು ಗುದ್ದಿದ್ದು ನಾನೇ ಅಂತ ಹೇಳಿದ್ರಂತೆ?”

“ಯಾವ ಗೇಟು?”

“ನಿಮಗೆ ಸೈಕಲ್ಲು ತಳ್ಕೊಂಡು ಹೋಗೋಕೇ ಸರಿಯಾಗಿ ಬರಲ್ಲ. ಯಾವ ಗಾಡೀಲಿ ಗುದ್ದಿದ್ರಿ? ಆ ಹೊತ್ತಿಗೆ ನೀವು ಹೋಟೆಲಲ್ಲಿ ಇದ್ರಿ ಅಂತ ನಾನು ಕೆಳಗೆ ಹೋಗಿ ಹೇಳಿದೆ. ‘ಅವರೇ ಒಪ್ಕೊಂಡಿದ್ದಾರಲ್ಲಮ್ಮ, ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ’ ಅಂದ್ರು. ತಿಂಗಳ ಕೊನೆಗೆ ಮನೆ ಖಾಲಿ ಮಾಡ್ಬೇಕಂತೆ.”

ಇದನ್ನು ಕೇಳಿ ತಂಪಣ್ಣನ ನಿದ್ದೆ ಪೂರ್ತಿ ಹಾರಿತು. ಆ ಮನೆಯ ಗೋಡೆಗಳಿಗೆ ಬಿರುಕಿದ್ದವು, ನಲ್ಲಿಗೆ ಕೆಮ್ಮು ಇತ್ತು. ಆದರೆ ಹೆಂಡತಿಯ ಹೊಲಿಗೆ ಯಂತ್ರ ಕಿಟಕಿಯ ಪಕ್ಕದಲ್ಲಿತ್ತು. ಆ ಕಿಟಕಿಯಿಂದ ರಸ್ತೆಯ ಹೆಂಗಸರು ರವಿಕೆ ಬಟ್ಟೆ ತೋರಿಸಿ, “ಅಕ್ಕಾ, ಇದು ಸಾಕಾಗುತ್ತಾ?” ಎಂದು ಕೂಗುತ್ತಿದ್ದರು. ಒಂದೊಂದೇ ಅಳತೆ, ಒಂದೊಂದೇ ಪರಿಚಯ, ಹೀಗೆ ವರ್ಷಗಟ್ಟಲೆ ಕೂತು ಅವಳು ಆ ರಸ್ತೆಯನ್ನು ತನ್ನದು ಮಾಡಿಕೊಂಡಿದ್ದಳು. ಮನೆ ಬಿಟ್ಟರೆ ಯಂತ್ರವನ್ನು ಹೊತ್ತುಕೊಂಡು ಹೋಗಬಹುದು, ರಸ್ತೆಯನ್ನು ಹೊತ್ತುಕೊಂಡು ಹೋಗಲಾಗುತ್ತದೆಯೇ?

“ಈಗ್ಲೇ ಹೋಗಿ ಹೇಳ್ತೀನಿ, ನಾನಲ್ಲ ಅಂತ” ಎಂದು ತಂಪಣ್ಣ ಎದ್ದ.

ಮೆಟ್ಟಿಲ ಉದ್ದಕ್ಕೂ “ನಾನಲ್ಲ, ನಾನಲ್ಲ” ಎಂದು ಉರುಹಚ್ಚಿಕೊಂಡೇ ಇಳಿದ. ಕೆಳಗಿನ ಬಾಗಿಲು ತಟ್ಟಿದ. ಮಾಲೀಕರು ಬಾಗಿಲು ತೆರೆದವರೇ, “ಯಾವ ಮುಖ ಇಟ್ಕೊಂಡು ಬಂದ್ರಿ?” ಎಂದು ಗುಡುಗಿದರು. ಆ ಗುಡುಗು ಕೇಳಿದ್ದೇ ತಡ, ಎಷ್ಟೋ ವರ್ಷಗಳ ಅಭ್ಯಾಸ ಎದ್ದು ನಿಂತಿತು. ಅಂಗೈ ತಾನಾಗಿ ಎದೆಗೆ ಹೋಯಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದು ಕೆಳಗೆಳೆದ. ಅಷ್ಟರಲ್ಲಿ ತಲೆ ವಾಲಿತು.

“ಏನು ಹೇಳೋಕೆ ಬಂದ್ರಿ? ಹೇಳಿ!”

“ಬೆಳಿಗ್ಗೆ ಸರಿಯಾಗಿ ಕ್ಷಮೆ ಕೇಳೋಕೆ ಆಗಲಿಲ್ಲ ಸಾರ್, ಅದಕ್ಕೆ ಇನ್ನೊಂದ್ಸಲ ಬಂದೆ.”

ಮೇಲೆ ಬಂದ ಗಂಡನ ಮುಖ ನೋಡಿ ಹೆಂಡತಿಗೆ ಎಲ್ಲ ತಿಳಿಯಿತು. ಅವನ ಬೂಟು ಬಿಚ್ಚಿ ಪಕ್ಕಕ್ಕಿಟ್ಟಳು.

ಸುದ್ದಿ ಮೆಟ್ಟಿಲು ಹತ್ತಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಾರನೆಯ ದಿನ ಮೇಲಿನ ಮನೆಯ ಅಜ್ಜಿ ಗೋಡೆ ಹಿಡಿದುಕೊಂಡು ಇಳಿದು ಬಂದರು.

“ಏನಪ್ಪಾ, ನೀನು ತಪ್ಪು ಒಪ್ಕೊಳ್ತೀಯಂತೆ. ಒಳ್ಳೇದು. ಈ ಕಾಲದಲ್ಲಿ ಯಾರು ಒಪ್ಕೊಳ್ತಾರೆ? ನನ್ನ ನಲ್ಲೀಲಿ ನೀರು ದಾರದ ಹಾಗೆ ಬರುತ್ತಲ್ಲ, ಅದಕ್ಕೇನು ಹೇಳ್ತೀಯ?”

ಅಜ್ಜಿಯ ದನಿ ಏರಿತ್ತು. ತಂಪಣ್ಣನ ಅಂಗೈ ಎದೆಗೆ ಬಂತು. ತಪ್ಪು ಪೂರ್ತಿ ನಮ್ಮದೇ ಆಯಿತು. ಅಜ್ಜಿ ಹಗುರಾಗಿ ಮೆಟ್ಟಿಲು ಹತ್ತಿದರು. ಇಳಿಯುವಾಗ ಹಿಡಿದಿದ್ದ ಗೋಡೆಯನ್ನು ಹತ್ತುವಾಗ ಹಿಡಿಯಲಿಲ್ಲ.

ಎದುರು ಮನೆಯ ವಿಮೆ ಏಜೆಂಟರು ತಮ್ಮ ಸ್ಕೂಟರಿನ ಮೇಲಿನ ಗೀರಿನ ಬಗ್ಗೆ ವಿಚಾರಿಸಿಕೊಂಡು ಬಂದರು. ಅವರಿಗೂ ನ್ಯಾಯ ಸಿಕ್ಕಿತು. ಸಂಜೆ ಅಜ್ಜಿ ಮತ್ತೆ ಬಂದು ಅಳಿಯನ ವಿಷಯ ಎತ್ತಿಕೊಂಡರು. ಅಳಿಯ ಮಾಡಿದ್ದಕ್ಕೆಲ್ಲ ತಂಪಣ್ಣ ಕ್ಷಮೆ ಕೇಳಿದ. ಅಜ್ಜಿ ಕಣ್ಣೊರೆಸಿಕೊಂಡು, “ಅವನು ಒಂದ್ಸಲ ಹೀಗೆ ಮಾಡಿದ್ರೆ ಸಾಕಿತ್ತು ನೋಡು” ಎಂದರು. ವಾರ ಕಳೆಯುವುದರಲ್ಲಿ ಮೆಟ್ಟಿಲ ಮೇಲೆ ಜನ ಕಾಯತೊಡಗಿದರು. ಮೇಲಧಿಕಾರಿಯ ಮೇಲೆ ಸಿಟ್ಟಿದ್ದವರು, ನಾದಿನಿಯ ಮೇಲೆ ಸಿಟ್ಟಿದ್ದವರು, ಬಸ್ಸು ತಪ್ಪಿಸಿಕೊಂಡವರು, ಎಲ್ಲರೂ ಬಂದು ಕೂಗಿ, ಕ್ಷಮೆ ಪಡೆದು, ನಗುನಗುತ್ತ ಮನೆಗೆ ಹೋದರು. ಇಡೀ ಕಟ್ಟಡದ ಆರೋಗ್ಯ ಸುಧಾರಿಸಿತು. ತಂಪಣ್ಣನೊಬ್ಬನ ಕಣ್ಣು ಮಾತ್ರ ದಿನದಿನಕ್ಕೆ ಒಳಗೆ ಹೋಗುತ್ತಿತ್ತು.

“ಅಲ್ಲಿ ಬೈಸ್ಕೊಂಡ್ರೆ ಸಂಬಳನಾದ್ರೂ ಕೊಡ್ತಾರೆ. ಇಲ್ಲಿ ನಾನೇ ಅವರಿಗೆಲ್ಲ ಕುಡಿಯೋಕೆ ನೀರು ಕೊಡ್ಬೇಕು” ಎಂದಳು ಹೆಂಡತಿ. ಕೊಡುತ್ತಲೂ ಇದ್ದಳು, ಪಾಪ.

ಈ ನಡುವೆ ಒಂದು ವಿಚಿತ್ರ ನಡೆಯಿತು. ಮಾಲೀಕರ ಹೆಂಡತಿ, ಎಲ್ಲರೂ ‘ಅಕ್ಕಾವ್ರು’ ಎಂದು ಕರೆಯುತ್ತಿದ್ದವರು, ಗಂಡ ಇಲ್ಲದ ಹೊತ್ತು ನೋಡಿಕೊಂಡು ಮೇಲಕ್ಕೆ ಏನಾದರೊಂದು ತಂದುಕೊಡತೊಡಗಿದರು. ಒಂದು ದಿನ ಹೆಚ್ಚಿದ ಹಣ್ಣು. ಇನ್ನೊಂದು ದಿನ ಫ್ಲಾಸ್ಕಿನಲ್ಲಿ ಬಿಸಿ ಚಹಾ. ಮರುದಿನ ಹತ್ತಿಯ ಹೊಸ ದಿಂಬು.

“ಇವರು ನಿದ್ದೆಗೆಟ್ಟು ದುಡೀತಾರಲ್ಲಮ್ಮ, ಒಳ್ಳೆ ದಿಂಬು ಇರ್ಲಿ” ಎಂದು ಹೇಳುವಾಗ ಅಕ್ಕಾವ್ರ ಕಣ್ಣು ನೆಲ ನೋಡುತ್ತಿತ್ತು.

ಅವರು ಹೋದ ಮೇಲೆ ಹೆಂಡತಿ ದಿಂಬನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಗಂಡ ಮನೆ ಬಿಡಿ ಅಂತಾರೆ, ಹೆಂಡ್ತಿ ದಿಂಬು ಕೊಡ್ತಾರೆ. ಏನ್ರೀ ಇದು?”

“ಒಳ್ಳೆಯವರು ಕಣೇ.”

“ನನಗೆ ಯಾಕೆ ಕೊಡಲಿಲ್ಲ? ನಾನು ನಿದ್ದೆ ಮಾಡಲ್ವಾ?”

“ಅದಕ್ಕೂ ತಪ್ಪು ನಮ್ಮ…” ಎಂದು ಎದೆಗೆ ಕೈ ಒಯ್ದ ಗಂಡನ ಮೇಲೆ ಆ ದಿಂಬು ಬಂದು ಬಿತ್ತು.

ಹೋಟೆಲಿನಲ್ಲಿ ಆ ವಾರವೇ ನೌಕರರ ಮನಸ್ಸಿನ ಆರೋಗ್ಯಕ್ಕೆಂದು ಒಂದು ತರಗತಿ ಇಟ್ಟಿದ್ದರು. ಎಲ್ಲರ ಆರೋಗ್ಯ ಮುಖ್ಯವಾದ್ದರಿಂದ ಅದನ್ನು ಊಟದ ವಿರಾಮದಲ್ಲಿಯೇ ಇಟ್ಟಿದ್ದರು. ಹಾಗಾಗಿ ಯಾರೂ ಊಟ ಮಾಡಲಿಲ್ಲ. ಕಲಿಸಲು ಬಂದ ತರುಣಿ, ಹೊಟ್ಟೆಯೊಳಗಿಂದ ನಗಬೇಕೆಂದು ಹೇಳಿಕೊಟ್ಟಳು. ಹಸಿದ ಹೊಟ್ಟೆಗಳು ಒಳಗಿಂದ ಬೇರೆಯೇ ಸದ್ದು ಮಾಡಿದವು. ಹಾಸಿಗೆ ಹಾಸುವ ಅಕ್ಕ ಕಣ್ಣು ತೆರೆದುಕೊಂಡೇ ಒಂದು ನಿದ್ದೆ ತೆಗೆದಳು. ಮುಗಿದ ಮೇಲೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳೂ ಅವಳೇ.

ಆಮೇಲೆ ತಂಪಣ್ಣನನ್ನು ಅವಳು ರಟ್ಟೆ ಹಿಡಿದು ಒಗೆದ ಬಟ್ಟೆ ಇಡುವ ಕೋಣೆಗೆ ಕರೆದುಕೊಂಡು ಹೋದಳು. ಬಾಗಿಲು ಕಾಯುವವನೂ ಬಡಿಸುವವನೂ ಹಿಂದೆಯೇ ಬಂದರು.

“ಮುಖ ಯಾಕೋ ಒಣಗಿದ ಟವಲ್ಲಿನ ಹಾಗಾಗಿದೆ? ಹೇಳು” ಎಂದಳು ಅಕ್ಕ.

ಅವನು ಎಲ್ಲ ಹೇಳಿದ. ನಗುತ್ತಾರೆಂದುಕೊಂಡಿದ್ದ. ಯಾರೂ ನಗಲಿಲ್ಲ.

“ನಾನು ಬಸ್ಸಿಳಿಯುವಾಗ ನನ್ನ ಹಿಂದೆ ಇರೋರಿಗೆಲ್ಲ ಸೆಲ್ಯೂಟ್ ಹೊಡೀತೀನಿ ಕಣಣ್ಣಾ” ಎಂದ ಬಾಗಿಲು ಕಾಯುವವನು. “ಕಂಡಕ್ಟರು ನನ್ನನ್ನ ಸೈನ್ಯದವನು ಅಂದ್ಕೊಂಡಿದ್ದಾನೆ.”

“ನಾನು ಮನೇಲಿ ಊಟ ಆದ್ಮೇಲೆ ಹೆಂಡ್ತಿಗೆ ‘ಇನ್ನೇನಾದ್ರೂ ತರಲಾ ಮೇಡಂ’ ಅಂತೀನಿ” ಎಂದ ಬಡಿಸುವವನು. “ಅವಳಿಗೆ ಅದು ಇಷ್ಟ ಆಗ್ಬಿಟ್ಟಿದೆ. ಈಗ ಬಿಡು ಅಂದ್ರೂ ಬಿಡೋ ಹಾಗಿಲ್ಲ.”

“ನಾನು ನಮ್ಮನೆ ಬಚ್ಚಲ ಬಾಗಿಲನ್ನೇ ತಟ್ಟಿ, ‘ಒಳಗೆ ಬರಬಹುದಾ’ ಅಂತ ಕೇಳ್ತೀನಿ” ಎಂದಳು ಅಕ್ಕ. “ಒಳಗೆ ಯಾರೂ ಇರಲ್ಲ. ಆದ್ರೂ ಉತ್ತರಕ್ಕೆ ಕಾಯ್ತೀನಿ. ಸರಿ, ಈಗ ನೀನು ಅಭ್ಯಾಸ ಮಾಡು. ಇವನು ನಿಮ್ಮ ಮಾಲೀಕ. ಲೋ, ಬೈಯೋ ಇವನಿಗೆ.”

ಬಾಗಿಲು ಕಾಯುವವನು ಮೀಸೆ ತಿರುವಿ, “ಗೇಟು ಗುದ್ದಿದ್ದು ನೀನೇನೋ?” ಎಂದು ಗರ್ಜಿಸಿದ. ತಂಪಣ್ಣ ಅವನ ಕ್ಷಮೆ ಕೇಳಿದ. ಬಡಿಸುವವನು ಬೈದ. ಅವನ ಕ್ಷಮೆಯನ್ನೂ ಕೇಳಿದ. ಕೊನೆಗೆ ಅಕ್ಕ ಒಂದು ದಿಂಬನ್ನು ಅಲಮಾರಿಯ ಮೇಲೆ ನಿಲ್ಲಿಸಿ, “ಇದಕ್ಕೆ ಬಾಯಿಲ್ಲ, ಇದಕ್ಕಾದ್ರೂ ಹೇಳು” ಎಂದಳು.

ತಂಪಣ್ಣ ಉಸಿರು ಎಳೆದುಕೊಂಡು, “ನಾನಲ್ಲ” ಎಂದ.

“ಜೋರಾಗಿ!”

“ನಾನಲ್ಲ!”

ದಿಂಬು ಮುಗ್ಗರಿಸಿ ಕೆಳಗೆ ಬಿತ್ತು. ತಂಪಣ್ಣ ಓಡಿಹೋಗಿ ಎತ್ತಿಕೊಂಡು, “ಕ್ಷಮಿಸಿ, ದನಿ ಸ್ವಲ್ಪ ಏರಿತು” ಎಂದು ದಿಂಬಿನ ಧೂಳು ಕೊಡವಿದ.

ಆಗ ಮಾತ್ರ ಅವರೆಲ್ಲ ನಕ್ಕರು. ನಕ್ಕು ನಕ್ಕು ಬಟ್ಟೆಯ ರಾಶಿಗಳ ಮೇಲೆ ಬಿದ್ದರು. ತಂಪಣ್ಣನೂ ಬಿದ್ದ. ಹೊಟ್ಟೆಯೊಳಗಿಂದ ನಗುವುದೆಂದರೇನೆಂದು ಆ ತರುಣಿ ಹೇಳಿದ್ದು ಅವರಿಗೆ ತಿಳಿದದ್ದು ಅಲ್ಲಿ. ಆದರೆ ಅವನ ಕಷ್ಟ ಹಾಗೆಯೇ ಉಳಿಯಿತು.

ಉಳಿಯುವುದಿರಲಿ, ಬೆಳೆಯಿತು. ಗೇಟಿಗೆ ವಿಮೆ ಸಿಗಬೇಕಾದರೆ ಪೊಲೀಸರಿಗೆ ದೂರು ಕೊಡಬೇಕೆಂದು ಏಜೆಂಟರು ಮಾಲೀಕರ ಕಿವಿಯೂದಿದ್ದರು. ಒಂದು ಸಂಜೆ ಸಬ್ ಇನ್ಸ್‌ಪೆಕ್ಟರ್ ಅಮ್ಮನವರೇ ಬಂದರು. ದಿನವೆಲ್ಲ ಬಿಸಿಲಲ್ಲಿ ನಿಂತು, ಊರವರ ಜಗಳ ಬಿಡಿಸಿ, ದನಿ ಒಡೆದುಹೋಗಿದ್ದ ಗಟ್ಟಿ ಹೆಂಗಸು. ಕಟ್ಟಡದವರೆಲ್ಲ ಅಂಗಳದಲ್ಲಿ ಸೇರಿದರು. ತಂಪಣ್ಣನ ಹೆಂಡತಿ ಅಳತೆಯ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಇಳಿದು ಬಂದಳು.

ಹೋಟೆಲಿನ ಟೈ ಇನ್ನೂ ಬಿಚ್ಚಿರದ ತಂಪಣ್ಣ ಅಧಿಕಾರಿಗೆ ಕುರ್ಚಿ ಹಾಕಿದ. ಹೊರಗೆ ಫ್ಯಾನ್ ಇಲ್ಲದ್ದಕ್ಕೆ ವಿಷಾದ ತಿಳಿಸಿದ.

“ಗೇಟು ಗುದ್ದಿದ್ದು ನೀವೇನಾ?”

“ತಮಗೆ ಇಲ್ಲೀತನಕ ಬರೋ ತೊಂದರೆ ಆಯ್ತು ಮೇಡಂ. ಹೀಗಾಗಬಾರದಿತ್ತು.”

“ಅದು ಹಾಗಿರ್ಲಿ. ಯಾವ ಗಾಡಿ?”

“ಯಾವ ಗಾಡಿ ಆದ್ರೆ ತಮಗೆ ಅನುಕೂಲ ಮೇಡಂ?”

ಇನ್ಸ್‌ಪೆಕ್ಟರ್ ಅಮ್ಮ ಪೆನ್ನು ಕೆಳಗಿಟ್ಟು ಅವನನ್ನೊಮ್ಮೆ ನೋಡಿದರು. ಆಮೇಲೆ ಎದ್ದು, ಗೋಡೆಗೆ ಒರಗಿಸಿಟ್ಟಿದ್ದ ಗೇಟಿನ ಸುತ್ತ ಒಂದು ಸುತ್ತು ಬಂದರು.

“ಇದು ಬಿದ್ದಿದ್ದು ಎಲ್ಲಿ?”

“ರಸ್ತೇಲಿ ಮೇಡಂ, ಅಡ್ಡಡ್ಡ” ಎಂದರು ಮಾಲೀಕರು.

“ರಸ್ತೆ ಕಡೆಗೆ ಬಿದ್ದಿದೆ ಅಂದ್ರೆ ಅಂಗಳದಿಂದ ಗುದ್ದಿರಬೇಕು. ಅಂಗಳದಲ್ಲಿ ಇರೋ ಗಾಡಿ ಯಾವುದು?”

ಎಲ್ಲರ ಕಣ್ಣೂ ಹೊದಿಕೆ ಹೊದ್ದು ನಿಂತಿದ್ದ ಕಾರಿನ ಮೇಲೆ ಬಿತ್ತು. ತಪ್ಪಿತಸ್ಥ ತಾನಾಗಿ ಸಿಕ್ಕಿದ ಮೇಲೆ ಗೇಟು ಯಾವ ಕಡೆ ಬಿತ್ತೆಂದು ನೋಡುವ ವ್ಯವಧಾನ ಯಾರಿಗಿತ್ತು? ಮಾಲೀಕರು ಹೊದಿಕೆ ಎಳೆದರು. ಕಾರಿನ ಮೂತಿ ಒಳಗೆ ಹೋಗಿತ್ತು. ಅದರ ಮೇಲೆ ಗೇಟಿನ ಹಸಿರು ಬಣ್ಣ ಮೆತ್ತಿಕೊಂಡಿತ್ತು.

“ಅಯ್ಯೋ!” ಎಂದು ಮಾಲೀಕರು ತಲೆಯ ಮೇಲೆ ಕೈಯಿಟ್ಟುಕೊಂಡರು. ಮರುಕ್ಷಣವೇ ತಂಪಣ್ಣನ ಕಡೆ ತಿರುಗಿದರು. “ಅಂದ್ರೆ ನನ್ನ ಕಾರನ್ನೂ ಕದಿಯೋಕೆ ನೋಡಿದ್ರಾ?”

“ಅದಕ್ಕೂ ಕ್ಷಮೆ ಇರಲಿ ಸಾರ್…”

“ಮೇಡಂ, ಬರ್ಕೊಳ್ಳಿ! ಕಳ್ಳತನ! ನಿಮ್ಮೆದುರಿಗೇ ಒಪ್ಕೊಂಡ!”

ತಂಪಣ್ಣನ ಹೆಂಡತಿಯ ಮುಖ ಬಣ್ಣಗೆಟ್ಟಿತು. ಇಲ್ಲಿಯವರೆಗೆ ಮನೆ ಬಿಡುವ ಮಾತು, ಈಗ ಜೈಲು ಸೇರುವ ಮಾತು. ಮಾಲೀಕರ ಹೆಂಡತಿಯ ಮುಖವಂತೂ ಆ ಮೊದಲೇ ಬಿಳಿಚಿಕೊಂಡಿತ್ತು. ಅದನ್ನು ಯಾರೂ ನೋಡಲಿಲ್ಲ.

ಇನ್ಸ್‌ಪೆಕ್ಟರ್ ಅಮ್ಮ ಏನನ್ನೂ ಬರೆದುಕೊಳ್ಳಲಿಲ್ಲ. “ಕೀ ಕೊಡಿ” ಎಂದು ಮಾಲೀಕರಿಂದ ಕೀಲಿ ಇಸಿದುಕೊಂಡು ತಂಪಣ್ಣನ ಕೈಗೆ ಕೊಟ್ಟರು. “ಕೂತ್ಕೊಳ್ಳಿ. ಹೇಗೆ ಓಡಿಸಿದ್ರಿ ತೋರ್ಸಿ.”

ತಂಪಣ್ಣ ಕಾರಿನ ಹಿಂದಿನ ಬಾಗಿಲು ತೆರೆದು, ಬಾಗಿ, ಅಧಿಕಾರಿಗೆ ಒಳಗೆ ಬರುವಂತೆ ಕೈ ತೋರಿಸಿದ.

“ನಾನಲ್ಲ ಕೂರೋದು. ನೀವು. ಮುಂದೆ.”

ಅವನು ಮುಂದೆ ಹೋಗಿ ಕೂತ. ಸ್ಟೀರಿಂಗ್ ಮುಂದೆ ಅವನು ಕೂತದ್ದು ಜೀವನದಲ್ಲಿ ಅದೇ ಮೊದಲು. ಕೀಲಿಯನ್ನು ಎಲ್ಲಿ ಹಾಕಬೇಕೆಂದು ಹುಡುಕಿ, ಹೇಗೋ ಹಾಕಿ ಅರ್ಧ ತಿರುಗಿಸಿದ. ಸಿಕ್ಕಿದ್ದೊಂದನ್ನು ಎಳೆದ. ಮುಂದಿನ ಗಾಜಿನ ಮೇಲೆ ನೀರು ಚಿಮ್ಮಿತು. ಇನ್ನೊಂದನ್ನು ಒತ್ತಿದ. ಹಾರ್ನ್ ಇಡೀ ಬೀದಿ ಬೆಚ್ಚಿಬೀಳುವಂತೆ ಕೂಗಿತು. “ಕ್ಷಮಿಸಿ, ಕ್ಷಮಿಸಿ” ಎಂದು ಅವನು ಸ್ಟೀರಿಂಗನ್ನು ಸವರಿದ.

ಇನ್ಸ್‌ಪೆಕ್ಟರ್ ಅಮ್ಮ ಬಾಗಿಲ ಹತ್ತಿರ ಬಗ್ಗಿದರು. ಅವರ ದನಿ ಈಗ ಅಧಿಕಾರಿಯದ್ದಾಗಿರಲಿಲ್ಲ, ಮನೆಯ ಹಿರಿಯಕ್ಕನದ್ದಾಗಿತ್ತು.

“ನೋಡಪ್ಪಾ, ನಾನು ಕೂಗಲ್ಲ. ನಿಧಾನಕ್ಕೆ ಹೇಳು. ನಿನಗೆ ಗಾಡಿ ಓಡ್ಸೋಕೆ ಬರುತ್ತಾ?”

ಪ್ರಶ್ನೆ ಸಣ್ಣದು. ಆದರೆ ಅದರ ಉತ್ತರ ಹೋಟೆಲಿನಲ್ಲಿ ನಿಷಿದ್ಧವಾಗಿದ್ದ ಪದ. ತಂಪಣ್ಣನ ತುಟಿ ಅಲುಗಿತು. “ನೋಡ್ತೀನಿ ಮೇಡಂ” ಎಂಬ ಉತ್ತರ ಗಂಟಲವರೆಗೆ ಬಂತು. ಗಾಜಿನಾಚೆ ಹೆಂಡತಿ ಕಂಡಳು. ಕೊರಳಿನ ಟೇಪನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದಳು, ಅಷ್ಟೇ.

“ಇಲ್ಲ” ಎಂದ ತಂಪಣ್ಣ.

ಆಕಾಶ ಕಳಚಿ ಬೀಳಲಿಲ್ಲ. ಯಾರೂ ಮ್ಯಾನೇಜರನ್ನು ಕರೆಯಲಿಲ್ಲ.

“ಇಲ್ಲ ಮೇಡಂ, ಬರಲ್ಲ” ಎಂದ ಸ್ವಲ್ಪ ಜೋರಾಗಿ. ಆಮೇಲೆ ಕಾರಿನಿಂದ ಇಳಿದ. “ಗೇಟು ಗುದ್ದಿದ್ದು ನಾನಲ್ಲ!”

ಒಂದು ಸಲ ಹೊರಗೆ ಬಂದ ಮಾತು ಆಮೇಲೆ ನಿಲ್ಲಲಿಲ್ಲ. ಕಟ್ಟೆಯೊಡೆದ ನೀರಿನ ಹಾಗೆ ಬಂತು. “ಕಾರು ಮುಟ್ಟಿದ್ದೂ ನಾನಲ್ಲ! ಏಜೆಂಟರೇ, ನಿಮ್ಮ ಸ್ಕೂಟರಿಗೆ ಗೀರಿದ್ದು ನಾನಲ್ಲ! ಅಜ್ಜಿ, ನಿಮ್ಮ ನಲ್ಲಿ ನಾನಲ್ಲ, ನಿಮ್ಮ ಅಳಿಯನೂ ನಾನಲ್ಲ! ಬಸ್ಸು ಬೇಗ ಬಿಟ್ಟಿದ್ದು ನಾನಲ್ಲ! ಸಮುದ್ರಕ್ಕೆ ಉಪ್ಪು ಹಾಕಿದ್ದು ನಾನಲ್ಲ! ಸೂರ್ಯ ಹುಟ್ಟಿದ್ರೆ ನಾನೇನು ಮಾಡ್ಲಿ? ನಾನಲ್ಲ, ನಾನಲ್ಲ, ನಾನಲ್ಲ!”

ಕಟ್ಟಡದವರು ಬೆಕ್ಕಸ ಬೆರಗಾಗಿ ನೋಡಿದರು. ಸೂರ್ಯನ ವಿಷಯ ಯಾಕೆ ಬಂತೆಂದು ಯಾರಿಗೂ ತಿಳಿಯಲಿಲ್ಲ. ಆದರೂ ಅಷ್ಟು ಜೋರಾಗಿ ಹೇಳಿದ ಮೇಲೆ ನಿಜವಿರಬೇಕೆಂದು ನಂಬಿದರು.

“ಅವರಲ್ಲ” ಎಂದಿತು ಒಂದು ಸಣ್ಣ ದನಿ. ಅಕ್ಕಾವ್ರು ಮುಂದೆ ಬಂದಿದ್ದರು. “ಅವರಲ್ಲ ಮೇಡಂ. ನಾನು.”

“ನೀನಾ?” ಎಂದರು ಮಾಲೀಕರು.

“ನಾನೇ. ಕಾರು ಕಲಿಸ್ತೀನಿ, ಕಲಿಸ್ತೀನಿ ಅಂತ ಮದುವೆಯಾದಾಗಿಂದ ಹೇಳ್ತಾನೇ ಇದ್ದೀರಿ. ನೀವು ವಾಕಿಂಗ್ ಹೋದಾಗ ನಾನೇ ಒಂದಿಷ್ಟು ಹಿಂದಕ್ಕೆ ತೆಗೆಯೋಣ ಅಂತ ಕೂತೆ. ಅದು ಮುಂದಕ್ಕೆ ಹೋಯ್ತು. ಮತ್ತೆ ತಂದು ಹೇಗೆ ನಿಲ್ಲಿಸಿ ಹೊದಿಸಿದ್ನೋ ದೇವರಿಗೇ ಗೊತ್ತು. ಹೇಳೋಣ ಅಂತ ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಇವರು ಬಂದು ತಪ್ಪು ಪೂರ್ತಿ ನಮ್ಮದೇ ಅಂದ್ರು. ನನಗೆ ಆಗ ಎಷ್ಟು ಹಾಯೆನಿಸ್ತು ಅಂದ್ರೆ…” ಅಕ್ಕಾವ್ರು ತಂಪಣ್ಣನ ಹೆಂಡತಿಯ ಕಡೆ ತಿರುಗಿದರು. “ಆಮೇಲೆ ಒಂದು ದಿನಾನೂ ಅನ್ನ ಇಳೀಲಿಲ್ಲ ಕಣಮ್ಮ.”

“ಅದಕ್ಕಾ ದಿಂಬು?” ಎಂದಳು ಅವಳು. ಅವಳ ಮುಖ ಬೆಳಗಿತು. ಸದ್ಯಕ್ಕೆ, ಗಂಡ ನಿರಪರಾಧಿಯೆಂದು ಎಲ್ಲರಿಗೂ ತಿಳಿದದ್ದಕ್ಕಿಂತ ದಿಂಬಿನ ಲೆಕ್ಕ ಸರಿಹೋದದ್ದು ದೊಡ್ಡದಾಗಿತ್ತು.

ಮಾಲೀಕರ ಮುಖ ಕೆಂಪೇರುತ್ತಿತ್ತು. ಎದೆ ಉಬ್ಬಿತು. ಗುಡುಗು ಹುಟ್ಟುವ ಸಮಯ. ಅಂಗಳದವರೆಲ್ಲ ರೂಢಿಯಂತೆ ತಂಪಣ್ಣನ ಕಡೆ ನೋಡಿದರು. ಅವನ ಅಂಗೈ ಮೆಲ್ಲಗೆ ಮೇಲೇಳುತ್ತಿತ್ತು. ಹೆಂಡತಿ ಬಂದು ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು, ಬಿಡಲಿಲ್ಲ.

ತಂಪಣ್ಣ ಸುಮ್ಮನೆ ನಿಂತ.

ಎದುರಿಗೆ ಯಾರೂ ಕ್ಷಮೆ ಕೇಳದಿದ್ದರೆ ಕೂಗುವುದು ಎಷ್ಟು ಕಷ್ಟವೆಂದು ಮಾಲೀಕರಿಗೆ ಅಂದು ತಿಳಿಯಿತು. ಉಬ್ಬಿದ ಎದೆ ಎಲ್ಲಿಗೂ ಹೋಗಲಾರದೆ ಹಾಗೆಯೇ ಸ್ವಲ್ಪ ಹೊತ್ತು ನಿಂತು, ನಿಧಾನವಾಗಿ ಇಳಿಯಿತು. ಹೆಂಡತಿಯನ್ನು ನೋಡಿದರು. ಅವರ ಕಣ್ಣು ಹೆಂಡತಿಯ ಹಣೆಯ ಮೇಲಿನ, ಕೂದಲಿನಿಂದ ಮುಚ್ಚಿಕೊಂಡಿದ್ದ, ಮಾಯುತ್ತಿದ್ದ ಗಾಯದ ಮೇಲೆ ಬಿತ್ತು.

“ಪೆಟ್ಟಾಯ್ತೇನೇ?” ಎಂದರು.

“ಸ್ವಲ್ಪ.”

“ಹೇಳೋದಲ್ವಾ?”

“ನೀವು ಕೂಗ್ತೀರಲ್ಲ.”

ಮಾಲೀಕರು ನೆಲ ನೋಡಿದರು. ಇನ್ಸ್‌ಪೆಕ್ಟರ್ ಅಮ್ಮ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು, “ಸ್ವಂತ ಕಾರು, ಸ್ವಂತ ಗೇಟು, ಸ್ವಂತ ಹೆಂಡತಿ. ನನ್ನ ಕೆಲಸ ಏನೂ ಇಲ್ಲ ಇಲ್ಲಿ. ನಾಳೆಯಿಂದ ಅವರಿಗೆ ಕಾರು ಕಲಿಸಿ, ಅದೇ ಶಿಕ್ಷೆ” ಎಂದರು. ಹೊರಡುವ ಮೊದಲು ತಂಪಣ್ಣನ ಹತ್ತಿರ ನಿಂತರು. “ನನಗೂ ಬೆಳಿಗ್ಗೆಯಿಂದ ಸಂಜೆತನಕ ಎಲ್ಲರೂ ಬೈತಾರಪ್ಪ. ನಾನು ಮನೆಗೆ ಹೋಗಿ ಟೋಪಿ ತೆಗೆದಿಟ್ಟ ಮೇಲೆ ಯಾರ ಮಾತೂ ಕೇಳಲ್ಲ. ನೀನು ಆ ಟೈನ ಅಲ್ಲೇ ಬಿಚ್ಚಿಟ್ಟು ಬಾ.”

ಅವರು ಹೋದ ಮೇಲೆ ಮಾಲೀಕರು ತಂಪಣ್ಣನ ಎದುರು ಬಂದು ನಿಂತರು. ಒಂದೆರಡು ಸಲ ಕೆಮ್ಮಿದರು.

“ತಪ್ಪಾಯ್ತು ಕಣ್ರೀ. ನಿಮ್ಮನ್ನ ಬಾಯಿಗೆ ಬಂದ ಹಾಗೆ ಅಂದೆ.”

ತಂಪಣ್ಣನಿಗೆ ದಿಕ್ಕು ತೋಚಲಿಲ್ಲ. ಕ್ಷಮೆ ಕೇಳುವುದನ್ನು ಹೋಟೆಲಿನಲ್ಲಿ ಕಲಿಸಿದ್ದರು. ಕ್ಷಮೆ ಕೇಳಿಸಿಕೊಂಡವರು ಏನು ಹೇಳಬೇಕೆಂದು ಯಾರೂ ಕಲಿಸಿರಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡಿತು. ಹೆಂಡತಿಯೇ ಮುಂದೆ ಬರಬೇಕಾಯಿತು.

“ಆಯ್ತು ಬಿಡಿ ಸಾರ್. ಮನೆ ವಿಷಯ ಏನು?”

“ಯಾವ ಮನೆ? ಯಾರು ಬಿಡಿ ಅಂದೋರು?” ಎಂದರು ಮಾಲೀಕರು, ತಾವಲ್ಲವೇ ಅಲ್ಲ ಎಂಬಂತೆ. “ಇರ್ರೀ ಸುಮ್ನೆ. ನೀವು ಹೋದ್ರೆ ಇವಳ ರವಿಕೆ ಯಾರು ಹೊಲೀತಾರೆ?”

ಆ ಸಂಜೆ ತಂಪಣ್ಣ ಮನೆಗೆ ಬಂದು ಕಿಟಕಿಯ ಪಕ್ಕ ಕೂತ. ಎಷ್ಟೋ ದಿನಗಳಿಂದ ಹೊತ್ತಿದ್ದ ಮೂಟೆಯನ್ನು ಇಳಿಸಿದವನ ಹಾಗೆ ಭುಜ ಹಗುರಾಗಿತ್ತು. ಹೊಲಿಗೆ ಯಂತ್ರ ಮತ್ತೆ ಸದ್ದು ಮಾಡುತ್ತಿತ್ತು. ರಸ್ತೆಯಿಂದ ಯಾರೋ, “ಅಕ್ಕಾ, ನನ್ನದು ಆಯ್ತಾ?” ಎಂದು ಕೂಗಿದರು. ಹೆಂಡತಿ, “ನಾಳೆ ಬಾರಮ್ಮ, ನಾವೆಲ್ಲಿಗೂ ಹೋಗಲ್ಲ” ಎಂದು ಕೂಗಿ ಹೇಳಿದಳು.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಮೇಲಿನ ಮನೆಯ ಅಜ್ಜಿ.

“ಇವತ್ತು ಬೇಡ ಅಜ್ಜಿ, ಅವರಿಗೆ ಸುಸ್ತಾಗಿದೆ” ಎಂದು ಹೆಂಡತಿ ಬೇಡವೆಂಬಂತೆ ಕೈಯಾಡಿಸಿದಳು.

“ನಾನು ಬೈಯೋಕೆ ಬಂದಿಲ್ಲ ಕಣೇ.” ಅಜ್ಜಿ ಒಳಗೆ ಬಂದು ತಂಪಣ್ಣನ ಎದುರು ಸ್ಟೂಲಿನ ಮೇಲೆ ಕೂತು, ಸೆರಗು ಸರಿಮಾಡಿಕೊಂಡರು. “ನೀನು ಅಂಗಳದಲ್ಲಿ ಕೂಗಿದೆಯಲ್ಲ, ಆಗ ನನಗೆ ಹೊಳೀತು. ಇಷ್ಟು ದಿನ ನಾವೇ ಬೈದ್ವಿ. ನಿನಗೂ ಏನಾದ್ರೂ ಇರುತ್ತಲ್ಲ? ಬೈಯಪ್ಪ. ನನಗೆ ಬೈ. ನಾನು ಬೇಜಾರು ಮಾಡ್ಕೊಳ್ಳಲ್ಲ. ನನ್ನ ಕಿವಿ ಹೇಗೂ ಕೇಳಲ್ಲ.”

“ಕೇಳಲ್ವಾ?” ಎಂದ ತಂಪಣ್ಣ. “ಹಾಗಾದ್ರೆ ಇಷ್ಟು ದಿನ ನಾನು ಹೇಳಿದ್ದು?”

“ಹ್ಞಾಂ?” ಎಂದ ಅಜ್ಜಿ ಅವನ ಬೆರಗು ಕಂಡು ಪ್ರಶ್ನೆಯನ್ನು ಊಹಿಸಿಕೊಂಡರು. “ನೀನು ಎದೆ ಮೇಲೆ ಕೈ ಇಟ್ಕೊಳ್ತಿದ್ದೆ. ನನಗೆ ಅಷ್ಟೇ ಸಾಕಾಗ್ತಿತ್ತು. ಹೂಂ, ಶುರು ಮಾಡು.”

ತಂಪಣ್ಣ ಯೋಚಿಸಿದ. ಮೊದಲಿಗೆ ಏನೂ ಹೊಳೆಯಲಿಲ್ಲ. ಬೈಯುವುದು ಎಲ್ಲಿಂದ ಶುರುವಾಗುತ್ತದೆಂದೇ ಅವನಿಗೆ ಗೊತ್ತಿರಲಿಲ್ಲ. ಕೊನೆಗೆ, “ಬೂಟು ಕಚ್ಚುತ್ತೆ ಅಜ್ಜಿ” ಎಂದ.

ಅಜ್ಜಿ ಗಂಭೀರವಾಗಿ ತಲೆಯಾಡಿಸಿದರು.

“ಇಡೀ ದಿನ ನಿಂತೇ ಇರ್ಬೇಕು. ಕುರ್ಚಿ ಇದೆ, ಆದ್ರೆ ಕೂರೋ ಹಾಗಿಲ್ಲ. ಅದನ್ನ ನೋಡ್ತಾ ನಿಂತಿರ್ಬೇಕು.”

“ಛೆ ಛೆ” ಎಂದರು ಅಜ್ಜಿ, ಅವನ ಮುಖ ನೋಡಿ.

ತಂಪಣ್ಣ ಅಜ್ಜಿಯ ಹತ್ತಿರಕ್ಕೆ ಸರಿದು ಕೂತ. ಅವನ ದನಿ ಸ್ವಲ್ಪ ಏರಿತು, ಇನ್ನೂ ಸ್ವಲ್ಪ ಏರಿತು. ಅಜ್ಜಿ ಮೆಲ್ಲಗೆ ತಲೆ ಒಂದಿಷ್ಟು ಬಲಕ್ಕೆ ವಾಲಿಸಿ, ಸುಕ್ಕುಗಟ್ಟಿದ ಅಂಗೈಯನ್ನು ಎದೆಯ ಮೇಲಿಟ್ಟುಕೊಂಡು, ಒಂದಕ್ಷರವೂ ಕೇಳಿಸದೆ, ಎಲ್ಲವನ್ನೂ ಕೇಳಿಸಿಕೊಳ್ಳುತ್ತ ಕೂತರು.